ಈ ಖಾಲಿ ಜಾಗ ಯಾರದ್ದು?

ಒಂದು ವೆಬ್ ಪುಟದಲ್ಲಿ ಎರಡು ಪ್ಯಾರಾ ಇವೆ ಎಂದುಕೊಳ್ಳಿ. ಅವುಗಳ ನಡುವೆ ಒಂದು ತಲೆಬರಹ. ಮೇಲಿನ ಪ್ಯಾರಾದಿಂದ ತಲೆಬರಹಕ್ಕೆ 20 ಪಿಕ್ಸೆಲ್, ತಲೆಬರಹದಿಂದ ಕೆಳಗಿನ ಪ್ಯಾರಾಕ್ಕೂ 20 ಪಿಕ್ಸೆಲ್. ಲೆಕ್ಕ ಸರಿಯಾಗೇ ಇದೆ. ಆದರೆ ಓದುವಾಗ ಏನೋ ತಡೆದಂತಾಗುತ್ತದೆ. ಈ ತಲೆಬರಹ ಮೇಲಿನದಕ್ಕೆ ಸೇರಿದ್ದೋ, ಕೆಳಗಿನದಕ್ಕೋ? ಬುದ್ಧಿಗೆ ಉತ್ತರ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಈಗ ಮೇಲಿನ ಅಂತರವನ್ನು 40 ಮಾಡಿ, ಕೆಳಗಿನದನ್ನು 10ಕ್ಕೆ ಇಳಿಸಿ. ಒಂದಕ್ಷರವೂ ಬದಲಾಗಿಲ್ಲ, ಬಣ್ಣ ಬದಲಾಗಿಲ್ಲ. ಆದರೂ ತಲೆಬರಹ ತನ್ನ ಪ್ಯಾರಾದ ಪಕ್ಕಕ್ಕೆ ಹೋಗಿ ಕೂತಿತು.

ಖಾಲಿ ಜಾಗದ ಮುಖ್ಯ ಕೆಲಸ ಇದೇ. ಯಾವುದು ಯಾವುದಕ್ಕೆ ಸೇರಿದ್ದು ಎಂದು ಅದು ಮಾತಿಲ್ಲದೆ ಹೇಳುತ್ತದೆ. ಹತ್ತಿರ ಇರುವುದನ್ನು ಕಣ್ಣು ಒಂದೇ ಗುಂಪು ಎಂದು ಓದುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲೇ ಬರೀ ಚುಕ್ಕಿಗಳ ಸಾಲುಗಳನ್ನಿಟ್ಟು ಇದನ್ನು ವಿವರಿಸಿದ್ದರು. ಚುಕ್ಕಿಗಳೆಲ್ಲ ಒಂದೇ ಥರ, ಆದರೂ ಅಂತರ ಬದಲಾದರೆ ಗುಂಪು ಬದಲಾಗುತ್ತದೆ. ವೆಬ್ ಡಿಸೈನ್‌ನಲ್ಲಿ 'ವೈಟ್ ಸ್ಪೇಸ್' ಎಂದು ಕರೆಯುವುದು ಈ ಅಂತರವನ್ನೇ. ಅದು ಬಿಳಿ ಇರಬೇಕೆಂದೇನಿಲ್ಲ. ಕಪ್ಪು ಹಿನ್ನೆಲೆಯ ಪುಟದಲ್ಲಿ ವೈಟ್ ಸ್ಪೇಸ್ ಕಪ್ಪಾಗೇ ಇರುತ್ತದೆ.

ಈ ವಿಷಯ ತುಂಬ ಜನರಿಗೆ ಗೋಜಲು ಎನಿಸುವುದು ಯಾಕೆಂದರೆ, ಪುಟದಲ್ಲಿ ಒಂದೇ ಥರ ಕಾಣುವ ಖಾಲಿ ಜಾಗ ಹತ್ತು ಬೇರೆ ಬೇರೆ ದಾರಿಯಿಂದ ಬಂದಿರಬಹುದು. ಮಾರ್ಜಿನ್ ಇರಬಹುದು, ಪ್ಯಾಡಿಂಗ್ ಇರಬಹುದು, ಗ್ಯಾಪ್ ಇರಬಹುದು, ಯಾರೋ ನಾಲ್ಕು ಸಲ ಎಂಟರ್ ಒತ್ತಿದ್ದೂ ಇರಬಹುದು (ಇವೇನು ಎಂದು ಮುಂದೆ ಒಂದೊಂದಾಗಿ ನೋಡೋಣ). ನೋಡಲು ಎಲ್ಲ ಒಂದೇ. ನಾಳೆ ಪುಟ ಬದಲಾದಾಗ ಮಾತ್ರ ಒಂದೊಂದೂ ಒಂದೊಂದು ಥರ ಆಡುತ್ತದೆ. ನನಗೆ ಈ ಗೋಜಲನ್ನು ಬಿಡಿಸಿದ್ದು ಒಂದೇ ಪ್ರಶ್ನೆ. ಎಲ್ಲೇ ಖಾಲಿ ಜಾಗ ಕಂಡರೂ ಕೇಳಿಕೊಳ್ಳುತ್ತೇನೆ: ಈ ಜಾಗ ಯಾರದ್ದು?

ಸ್ಪೇಸ್ ಒತ್ತಿದರೆ ಯಾಕೆ ಆಗುವುದಿಲ್ಲ

ಹೊಸಬರು ಮೊದಲು ಎಡವುವುದು ಇಲ್ಲೇ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಕೋಡ್‌ನಲ್ಲಿ ಎರಡು ಪದಗಳ ನಡುವೆ ಹತ್ತು ಸಲ ಸ್ಪೇಸ್ ಬಾರ್ ಒತ್ತಿ. ಬ್ರೌಸರ್‌ನಲ್ಲಿ ಕಾಣುವುದು ಒಂದೇ ಸ್ಪೇಸ್. ಟ್ಯಾಬ್ ಹಾಕಿ, ಸಾಲು ಮುರಿಯಿರಿ, ಅದೂ ಒಂದೇ ಸ್ಪೇಸ್. ಬ್ರೌಸರ್ ಸಾಲು ಸಾಲಾಗಿ ಬರುವ ಸ್ಪೇಸ್‌ಗಳನ್ನೆಲ್ಲ ನುಂಗಿ ಒಂದು ಮಾಡುತ್ತದೆ. ಕೋಡ್ ಬರೆಯುವವರು ತಮ್ಮ ಅನುಕೂಲಕ್ಕೆ ಎಷ್ಟು ಬೇಕಾದರೂ ಒಳಸರಿಸಿ ಬರೆಯಲಿ, ಪುಟ ಕೆಡಬಾರದು ಎಂಬುದು ಅದರ ಲೆಕ್ಕ.

ಇದಕ್ಕೆ ಜನ ಕಂಡುಕೊಂಡ ಉಪಾಯ 'ನಾನ್ ಬ್ರೇಕಿಂಗ್ ಸ್ಪೇಸ್'. ಇದು ನುಂಗಲು ಸಿಗದ ಸ್ಪೇಸ್. ಅದರ ನಿಜವಾದ ಕೆಲಸ ಬೇರೆಯೇ ಇದೆ. '10 ಕೆಜಿ' ಎಂದು ಬರೆದಾಗ 10 ಒಂದು ಸಾಲಿನ ಕೊನೆಗೂ ಕೆಜಿ ಮುಂದಿನ ಸಾಲಿಗೂ ಹೋಗದಂತೆ ಎರಡನ್ನೂ ಅಂಟಿಸಿ ಹಿಡಿಯುವುದು. ಅದನ್ನೇ ಹತ್ತಿಪ್ಪತ್ತು ಸಲ ಸಾಲಾಗಿ ಹಾಕಿ ಪದಗಳನ್ನು ಬಲಕ್ಕೆ ತಳ್ಳುವುದು ಉಪಕರಣದ ದುರ್ಬಳಕೆ. ಇನ್ನು ಕೆಲವರು ತಲೆಬರಹ ಗತ್ತಾಗಿ ಕಾಣಲಿ ಎಂದು 'ಪ ರಿ ಚ ಯ' ಎಂದು ಅಕ್ಷರಗಳ ನಡುವೆ ಸ್ಪೇಸ್ ಕೊಟ್ಟು ಟೈಪ್ ಮಾಡುತ್ತಾರೆ. ಕಣ್ಣಿಗೆ ಚೆನ್ನಾಗಿ ಕಂಡೀತು. ಆದರೆ ಕಣ್ಣು ಕಾಣದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬಿಡಿ ಬಿಡಿ ಅಕ್ಷರವಾಗಿ ಓದುತ್ತದೆ, ಪುಟದಲ್ಲಿ ಹುಡುಕಿದರೆ ಆ ಪದ ಸಿಗುವುದೇ ಇಲ್ಲ.

ಟ್ಯಾಗ್ ಎಂದರೆ ಎಚ್‌ಟಿಎಂಎಲ್‌ನಲ್ಲಿ ಬ್ರೌಸರ್‌ಗೆ ಕೊಡುವ ಸೂಚನೆ. ಸಾಲು ಮುರಿಯುವ ಬಿಆರ್ ಟ್ಯಾಗ್‌ದೂ ಇದೇ ಕಥೆ. ಪದ್ಯದ ಸಾಲು, ಅಂಚೆ ವಿಳಾಸ, ಇಂಥ ಕಡೆ ಸಾಲು ಮುರಿಯುವುದು ಬರಹದ್ದೇ ಭಾಗ. ಅಲ್ಲಿ ಬಿಆರ್ ಸರಿ. ಎರಡು ಭಾಗಗಳ ನಡುವೆ ಜಾಗ ಬಿಡಲು ಅದನ್ನು ಮೂರು ಸಲ ಹಾಕಿದರೆ, ಆ ಜಾಗವನ್ನು ಮುಂದೆ ಹಿಗ್ಗಿಸಲೂ ಕುಗ್ಗಿಸಲೂ ಸಲೀಸಾದ ದಾರಿ ಇರುವುದಿಲ್ಲ. ಖಾಲಿ ಪ್ಯಾರಾ ಹಾಕುವುದೂ ಬೇಡ. ಕಿವಿಯಲ್ಲಿ ಓದುವವರಿಗೆ ಅಲ್ಲೊಂದು ಪ್ಯಾರಾ ಇದೆ ಎಂದು ಕೇಳಿಸಬಹುದು, ಒಳಗೆ ಏನೂ ಇಲ್ಲ.

ಕಾಣದ ಚಿತ್ರದ ಕಾಲ

ಇವತ್ತಿನವರಿಗೆ ಇದು ತಮಾಷೆ ಎನಿಸಬಹುದು, 1990ರ ದಶಕದ ಮಧ್ಯದಲ್ಲಿ ಪುಟದಲ್ಲಿ ಜಾಗ ಬಿಡಲು ಚಿತ್ರ ಹಾಕುತ್ತಿದ್ದರು. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಪಾರದರ್ಶಕ ಜಿಫ್ ಚಿತ್ರ. ಅದರ ಅಗಲ 50 ಎಂದು ಕೋಡ್‌ನಲ್ಲಿ ಬರೆದರೆ 50 ಪಿಕ್ಸೆಲ್ ಜಾಗ ಸಿಕ್ಕಿತು. ಈ ಉಪಾಯವನ್ನು ಜನಪ್ರಿಯ ಮಾಡಿದವರಲ್ಲಿ ಡೇವಿಡ್ ಸೀಗಲ್ ಎಂಬ ಡಿಸೈನರ್ ಮುಖ್ಯರು. ಪುಟದ ಚೌಕಟ್ಟಿಗೆ ಟೇಬಲ್, ಟೇಬಲ್‌ನ ಕೋಣೆಗಳೊಳಗೆ ಈ ಕಾಣದ ಚಿತ್ರಗಳು. 1996ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ 'ಸ್ಪೇಸರ್' ಎಂಬ ಟ್ಯಾಗ್ ಅನ್ನೇ ತಂದಿತು. ಚಿತ್ರದ ಬದಲು ನೇರವಾಗಿ ಖಾಲಿ ಜಾಗ ಕೇಳುವ ಟ್ಯಾಗ್. ಅದು ಅಧಿಕೃತ ಎಚ್‌ಟಿಎಂಎಲ್ ಒಳಗೆ ಸೇರಲೇ ಇಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ, ಪುಟ ಹೇಗೆ ಕಾಣಬೇಕು ಎಂದು ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಗಿ ಹೊರಬಂತು. ಮಾರ್ಜಿನ್, ಪ್ಯಾಡಿಂಗ್ ಎರಡೂ ಅದರಲ್ಲೇ ಇದ್ದವು. ಅಂದರೆ ಜಾಗಕ್ಕೆ ಮೊದಲ ಬಾರಿ ಒಬ್ಬ ಒಡೆಯ ಸಿಕ್ಕ. ಜಾಗ ಎಂಬುದು ಪ್ಯಾರಾ ಮತ್ತು ತಲೆಬರಹದ ಮಧ್ಯೆ ಇಟ್ಟ ಮೂರನೇ ವಸ್ತು ಆಗಿ ಉಳಿಯಲಿಲ್ಲ. ತಲೆಬರಹಕ್ಕೇ ಸೇರಿದ ಗುಣವಾಯಿತು.

ಮಾರ್ಜಿನ್, ಪ್ಯಾಡಿಂಗ್

ಸಿಎಸ್‌ಎಸ್‌ನ ಕಣ್ಣಲ್ಲಿ ಪುಟದ ಪ್ರತಿಯೊಂದೂ ಒಂದು ಪೆಟ್ಟಿಗೆ. ಒಳಗೆ ವಿಷಯ, ಅದರ ಸುತ್ತ ಪ್ಯಾಡಿಂಗ್, ಅದರಾಚೆ ಬಾರ್ಡರ್ ಎಂಬ ಅಂಚಿನ ಗೆರೆ, ಎಲ್ಲಕ್ಕೂ ಹೊರಗೆ ಮಾರ್ಜಿನ್. ಯಾವಾಗ ಯಾವುದು ಎಂಬ ಗೊಂದಲ ಬಂದರೆ ಪೆಟ್ಟಿಗೆಗೆ ಒಂದು ಬಣ್ಣ ಹಾಕಿ ನೋಡಿ. ಬಣ್ಣ ಹರಡುವ ಜಾಗ ಪ್ಯಾಡಿಂಗ್, ಬಣ್ಣ ತಲುಪದ ಜಾಗ ಮಾರ್ಜಿನ್. ಬಟನ್‌ಗೆ ಪ್ಯಾಡಿಂಗ್ ಕೊಟ್ಟರೆ ಒತ್ತುವ ಜಾಗ ದೊಡ್ಡದಾಗುತ್ತದೆ. ಮಾರ್ಜಿನ್ ಕೊಟ್ಟರೆ ಪಕ್ಕದ ಬಟನ್ ದೂರ ಹೋಗುತ್ತದೆ ಅಷ್ಟೇ, ಒತ್ತುವ ಜಾಗ ಮೊದಲಿದ್ದಷ್ಟೇ. ಮೆನುವಿನ ಕೊಂಡಿಗಳನ್ನು ಬೆರಳಲ್ಲಿ ಒತ್ತಲು ಕಷ್ಟವಾದರೆ ಅಲ್ಲಿ ಹೆಚ್ಚಿನ ಸಲ ಪ್ಯಾಡಿಂಗ್ ಇರಬೇಕಾದಲ್ಲಿ ಮಾರ್ಜಿನ್ ಇರುತ್ತದೆ.

ಇಲ್ಲೊಂದು ಹಳೆಯ ಜಗಳವಿದೆ. ಪೆಟ್ಟಿಗೆಯ ಅಗಲ 300 ಎಂದರೆ ಪ್ಯಾಡಿಂಗ್ ಸೇರಿಸಿಯೋ, ಬಿಟ್ಟೋ? ಸಿಎಸ್‌ಎಸ್ ನಿಯಮ ಬಿಟ್ಟು ಎಂದಿತು. ಆಗ ಎರಡೂ ಬದಿ 20 ಪ್ಯಾಡಿಂಗ್ ಕೊಟ್ಟರೆ ಪೆಟ್ಟಿಗೆ 340 ಆಗುತ್ತದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಸೇರಿಸಿ ಲೆಕ್ಕ ಹಾಕುತ್ತಿತ್ತು, ಅದಕ್ಕೆ ಎಲ್ಲರಿಂದ ಬೈಸಿಕೊಂಡಿತು. ಇವತ್ತು ನೋಡಿದರೆ ಬಹುಪಾಲು ಡೆವಲಪರ್‌ಗಳು ಪುಟದ ಶುರುವಿನಲ್ಲೇ 'ಬಾರ್ಡರ್ ಬಾಕ್ಸ್' ಎಂದು ಬರೆದು ಅದೇ ಲೆಕ್ಕಕ್ಕೆ ಮರಳುತ್ತಾರೆ. ಪಾಪ, ಆ ಬ್ರೌಸರ್ ಅದೊಂದರಲ್ಲಿ ಸರಿಯಾಗೇ ಯೋಚಿಸಿತ್ತು.

ಒಂದರೊಳಗೊಂದು ಕರಗುವ ಮಾರ್ಜಿನ್

ಈಗ ಎಲ್ಲರಿಗೂ ತಲೆ ತಿನ್ನುವ ವಿಷಯ. ಮೇಲಿನ ಪೆಟ್ಟಿಗೆಗೆ ಕೆಳಗೆ 24 ಪಿಕ್ಸೆಲ್ ಮಾರ್ಜಿನ್ ಇದೆ. ಕೆಳಗಿನದಕ್ಕೆ ಮೇಲೆ 16 ಇದೆ. ನಡುವಿನ ಜಾಗ ಎಷ್ಟು? 40 ಎಂದು ಹೇಳುವುದು ಸಹಜ. ಬ್ರೌಸರ್ ಕೊಡುವುದು 24. ಮೇಲೆ ಕೆಳಗೆ ಇರುವ ಎರಡು ಮಾರ್ಜಿನ್‌ಗಳು ಎದುರಾದರೆ ಕೂಡುವುದಿಲ್ಲ. ದೊಡ್ಡದು ಉಳಿಯುತ್ತದೆ, ಚಿಕ್ಕದು ಅದರೊಳಗೆ ಕರಗುತ್ತದೆ. ಎಡ ಬಲದ ಮಾರ್ಜಿನ್‌ಗಳು ಹೀಗೆ ಕರಗುವುದೇ ಇಲ್ಲ.

ಇದು ಬಗ್ ಅಲ್ಲ. ಯೋಚಿಸಿ ನೋಡಿ. ಪ್ಯಾರಾಕ್ಕೆ ಬ್ರೌಸರ್ ತಾನಾಗೇ ಮೇಲೆ ಕೆಳಗೆ ಒಂದೊಂದು ಎಮ್ ಮಾರ್ಜಿನ್ ಕೊಡುತ್ತದೆ. ಒಂದು ಎಮ್ ಎಂದರೆ ಆ ಅಕ್ಷರದ ಗಾತ್ರದಷ್ಟು, ಸಾಮಾನ್ಯ ಅಕ್ಷರ ಗಾತ್ರದಲ್ಲಿ 16 ಪಿಕ್ಸೆಲ್. ಕರಗದೇ ಹೋದರೆ ಎರಡು ಪ್ಯಾರಾಗಳ ನಡುವೆ 32 ಬೀಳುತ್ತಿತ್ತು. ಮೊದಲ ಪ್ಯಾರಾದ ಮೇಲೆ ಮಾತ್ರ 16. ಸಾಲುಗಳು ಎಡವಟ್ಟಾಗಿ ಕಾಣುತ್ತಿದ್ದವು. 'ನನ್ನ ಸುತ್ತ ಕನಿಷ್ಠ ಇಷ್ಟು ಜಾಗ ಇರಲಿ' ಎಂದು ಇಬ್ಬರೂ ಕೇಳಿದಾಗ, ದೊಡ್ಡ ಬೇಡಿಕೆ ಪೂರೈಸಿದರೆ ಚಿಕ್ಕದೂ ಪೂರೈಸಿದಂತೆ ಅಲ್ವಾ? ಮಾರ್ಜಿನ್ ಅನ್ನು ಹಾಗೆ ಓದಿಕೊಂಡರೆ ಈ ನಿಯಮದಲ್ಲಿ ನ್ಯಾಯ ಕಾಣುತ್ತದೆ. ಒಡೆತನದ ಭಾಷೆಯಲ್ಲಿ ಹೇಳುವುದಾದರೆ ಇದು ಇಬ್ಬರಿಗೂ ಸೇರಿದ ಗಡಿ.

ಆದರೆ ಇದೇ ನಿಯಮ ಅಪ್ಪ ಮಗುವಿನ ನಡುವೆ, ಅಂದರೆ ಹೊರಗಿನ ಪೆಟ್ಟಿಗೆಗೂ ಅದರೊಳಗಿನ ಪೆಟ್ಟಿಗೆಗೂ ನಡುವೆ, ನಡೆದಾಗ ತಲೆಬಿಸಿ. ಬಣ್ಣದ ಪೆಟ್ಟಿಗೆಯೊಂದರ ಒಳಗೆ ಮೊದಲಿಗೇ ತಲೆಬರಹ ಇದೆ. ತಲೆಬರಹದ ಮೇಲೆ 30 ಪಿಕ್ಸೆಲ್ ಮಾರ್ಜಿನ್ ಕೊಟ್ಟಿದ್ದೀರಿ, ಬಣ್ಣದ ಒಳಗೆ ಸ್ವಲ್ಪ ಜಾಗ ಸಿಗಲಿ ಎಂದು. ಆಗುವುದೇ ಬೇರೆ. ತಲೆಬರಹ ಬಣ್ಣದ ಮೇಲಂಚಿಗೆ ಅಂಟಿಕೊಂಡೇ ಇದೆ, ಇಡೀ ಪೆಟ್ಟಿಗೆ 30 ಪಿಕ್ಸೆಲ್ ಕೆಳಗೆ ಜಾರಿದೆ! ಮಗುವಿನ ಮಾರ್ಜಿನ್ ಅಪ್ಪನ ಮಾರ್ಜಿನ್ ಜೊತೆ ಸೇರಿ ಹೊರಗೆ ಸೋರಿತು. ನಡುವೆ ತಡೆಯಲು ಪ್ಯಾಡಿಂಗ್ ಆಗಲಿ ಬಾರ್ಡರ್ ಆಗಲಿ ಇರಲಿಲ್ಲ. ಅಪ್ಪನಿಗೆ ಒಂದೇ ಒಂದು ಪಿಕ್ಸೆಲ್ ಪ್ಯಾಡಿಂಗ್ ಕೊಟ್ಟರೂ ಸೋರಿಕೆ ನಿಲ್ಲುತ್ತದೆ. ಅಪ್ಪನ 'ಡಿಸ್‌ಪ್ಲೇ' ಎಂಬ ಸಿಎಸ್‌ಎಸ್ ಗುಣವನ್ನು 'ಫ್ಲೋ ರೂಟ್' ಎಂದು ಬದಲಿಸಿದರೂ ನಿಲ್ಲುತ್ತದೆ. ಆದರೆ ಸರಿಯಾದ ಉತ್ತರ ಬೇರೆ. ಒಳಗಿನ ಜಾಗ ಪೆಟ್ಟಿಗೆಯದ್ದು, ಮಗುವಿನದ್ದಲ್ಲ. ಅದನ್ನು ಪೆಟ್ಟಿಗೆಯ ಪ್ಯಾಡಿಂಗ್ ಆಗಿ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಕ್ಕಪಕ್ಕ ಜೋಡಿಸಿದ ಚಿಕ್ಕ ಪೆಟ್ಟಿಗೆಗಳ, ಅಂದರೆ ಕಾರ್ಡ್‌ಗಳ, ಸಾಲಿಗೆ ಮಾರ್ಜಿನ್ ಇನ್ನೊಂದು ಥರ ಕೈಕೊಡುತ್ತದೆ. ಪ್ರತಿ ಕಾರ್ಡ್‌ಗೂ ಬಲಕ್ಕೆ 20 ಕೊಟ್ಟರೆ ಕೊನೆಯ ಕಾರ್ಡ್‌ನ ಬಲಕ್ಕೂ 20 ಉಳಿಯುತ್ತದೆ. ಹಾಗಾಗಿ 'ಕೊನೆಯದಕ್ಕೆ ಬೇಡ' ಎಂಬ ಇನ್ನೊಂದು ನಿಯಮ. ಸಾಲು ಮುರಿದು ಕಾರ್ಡ್‌ಗಳು ಕೆಳಗಿಳಿದರೆ ಮತ್ತೊಂದು. ಇಲ್ಲಿನ ಜಾಗ ಯಾವ ಕಾರ್ಡ್‌ನದ್ದೂ ಅಲ್ಲ, ಅವುಗಳನ್ನು ಜೋಡಿಸಿದ ಹೊರ ಪೆಟ್ಟಿಗೆಯದ್ದು. 'ಗ್ಯಾಪ್' ಎಂಬ ಗುಣ ಬಂದಿದ್ದು ಇದಕ್ಕೇ. 2017ರಲ್ಲಿ, ಪೆಟ್ಟಿಗೆಗಳನ್ನು ಅಡ್ಡ ಉದ್ದ ಸಾಲುಗಳಲ್ಲಿ ಜೋಡಿಸುವ ಗ್ರಿಡ್ ಜೊತೆ, ಅದು 'ಗ್ರಿಡ್ ಗ್ಯಾಪ್' ಎಂಬ ಹೆಸರಲ್ಲಿ ಬ್ರೌಸರ್‌ಗಳಿಗೆ ಬಂತು. ಒಂದು ದಿಕ್ಕಿನಲ್ಲಿ ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್‌ನಲ್ಲೂ ಅದು ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿ ಕೆಲಸ ಮಾಡಲು 2021ರ ತನಕ ಕಾಯಬೇಕಾಯಿತು, ಸಫಾರಿ ಕೊನೆಗೆ ಬಂತು. ಹೊರ ಪೆಟ್ಟಿಗೆಗೆ 'ಗ್ಯಾಪ್ 20' ಎಂದರೆ ಮುಗಿಯಿತು. ನಡುವೆ ಮಾತ್ರ ಜಾಗ, ಅಂಚಿನಲ್ಲಿ ಇಲ್ಲ. ಕಾರ್ಡ್ ಹತ್ತಾದರೂ ಎರಡಾದರೂ ಲೆಕ್ಕ ತಪ್ಪುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಈಗ ಹೊಸ ಪುಟ ಬರೆಯುವಾಗ ಮೊದಲು ಗ್ಯಾಪ್, ಆಮೇಲೆ ಪ್ಯಾಡಿಂಗ್, ಮಾರ್ಜಿನ್ ಕೊನೆಗೆ.

ಅನಾಥ ಸ್ಪೇಸರ್

ಕೋಡ್ ಬರೆಯದೆ ಪುಟ ಕಟ್ಟುವ ಸಾಧನಗಳಲ್ಲಿ ನೆಟ್‌ಸ್ಕೇಪ್‌ನ ಸ್ಪೇಸರ್ ಬೇರೆ ವೇಷದಲ್ಲಿ ಮರಳಿ ಬಂದಿದೆ. ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರ್‌ನಲ್ಲಿ 'ಸ್ಪೇಸರ್' ಎಂಬ ಬ್ಲಾಕ್ ಇದೆ. ಎಳೆದು ತಂದು ಹಾಕಿದರೆ 100 ಪಿಕ್ಸೆಲ್ ಎತ್ತರದ ಖಾಲಿ ಜಾಗ. ಬೇಕಾದಷ್ಟು ಹಿಗ್ಗಿಸಬಹುದು. ಸುಲಭ, ಕಣ್ಣಿಗೆ ಕಾಣುವಂಥದ್ದು. ಸ್ಕ್ರೀನ್ ರೀಡರ್‌ಗೆ ಕೇಳಿಸದಂತೆ ಮರೆಮಾಡಿಯೂ ಇಟ್ಟಿದ್ದಾರೆ. ಆದ್ದರಿಂದ ಖಾಲಿ ಪ್ಯಾರಾಕ್ಕಿಂತ ಎಷ್ಟೋ ವಾಸಿ.

ನಾನು ಕಟ್ಟಿದ ಮೊದಲ ದೊಡ್ಡ ಪುಟದಲ್ಲಿ ಹನ್ನೊಂದು ಸ್ಪೇಸರ್ ಇದ್ದವು. ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಗಾಳಿ ಬೆಳಕು ಚೆನ್ನಾಗಿತ್ತು. ಗೆಳೆಯನೊಬ್ಬ ಫೋನ್‌ನಲ್ಲಿ ತೆರೆದು, 'ನಿನ್ನ ಪುಟ ಪೂರ್ತಿ ಲೋಡ್ ಆಗ್ತಿಲ್ಲ' ಎಂದ. ಲೋಡ್ ಆಗಿತ್ತು. ದೊಡ್ಡ ಪರದೆಯಲ್ಲಿ 150 ಪಿಕ್ಸೆಲ್ ಎಂದರೆ ಹಿತವಾದ ಬಿಡುವು. ಫೋನ್ ಪರದೆಯ ಎತ್ತರವೇ 640 ಪಿಕ್ಸೆಲ್ ಆಸುಪಾಸು ಇದ್ದರೆ ಅದು ಹೆಚ್ಚುಕಮ್ಮಿ ಕಾಲು ಭಾಗ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಆಗಿತ್ತು. ನಡುವಿನ ಒಂದು ಭಾಗವನ್ನು ನಾನು ಯಾವಾಗಲೋ ಅಳಿಸಿದ್ದೆ. ಅದರ ಮೇಲೊಂದು, ಕೆಳಗೊಂದು ಇದ್ದ ಸ್ಪೇಸರ್‌ಗಳು ಹಾಗೇ ಉಳಿದಿದ್ದವು. ಮನೆ ಖಾಲಿ ಮಾಡಿದವರು ಗೋಡೆಯಲ್ಲಿ ಬಿಟ್ಟುಹೋದ ಮೊಳೆಗಳ ಹಾಗೆ. ಅಲ್ಲಿ 300 ಪಿಕ್ಸೆಲ್ ಖಾಲಿ ಬಿದ್ದಿತ್ತು.

ಸ್ಪೇಸರ್‌ನ ತೊಂದರೆ ಇದೇ. ಅದಕ್ಕೆ ಒಡೆಯ ಇಲ್ಲ. ಭಾಗ ಅಳಿದರೆ ಅದು ಅಳಿಯುವುದಿಲ್ಲ, ಭಾಗ ಜರುಗಿದರೆ ಜೊತೆಗೆ ಹೋಗುವುದಿಲ್ಲ. ಒಂದೇ ಪುಟದಲ್ಲಿ ಒಂದೇ ಒಂದು ಕಡೆ, ಬೇರೆಲ್ಲೂ ಬಾರದ ಬಿಡುವು ಬೇಕಿದ್ದರೆ ಸ್ಪೇಸರ್ ಹಾಕಿ, ತಪ್ಪೇನಿಲ್ಲ. ಪ್ರತಿ ಭಾಗದ ನಡುವೆಯೂ ಅದೇ ಜಾಗ ಬೇಕಿದ್ದರೆ ಭಾಗಗಳನ್ನು ಗ್ರೂಪ್ ಬ್ಲಾಕ್‌ನಲ್ಲಿ ಹಾಕಿ ಆ ಗ್ರೂಪ್‌ಗೇ ಪ್ಯಾಡಿಂಗ್ ಅಥವಾ ಬ್ಲಾಕ್ ಅಂತರ ಕೊಡಿ.

ಪರದೆಗೆ ತಕ್ಕಂತೆ ಜಾಗ ಕುಗ್ಗಬೇಕಲ್ಲ, ಅದಕ್ಕೆ ಸಿಎಸ್‌ಎಸ್‌ನಲ್ಲಿ 'ಕ್ಲ್ಯಾಂಪ್' ಇದೆ. ಪರದೆಯ ಅಗಲದ 6 ಪರ್ಸೆಂಟ್ ಜಾಗ ಬಿಡು, ಆದರೆ 32 ಪಿಕ್ಸೆಲ್‌ಗಿಂತ ಕಡಿಮೆ ಬೇಡ, 96ಕ್ಕಿಂತ ಜಾಸ್ತಿ ಬೇಡ ಎಂದು ಒಂದೇ ಸಾಲಲ್ಲಿ ಬರೆಯಬಹುದು. 360 ಅಗಲದ ಫೋನ್‌ನಲ್ಲಿ 32, 1440ರ ಪರದೆಯಲ್ಲಿ 86.4.

ಎಷ್ಟು ಬಿಡಬೇಕು

ಇದಕ್ಕೆ ಒಂದೇ ಸಂಖ್ಯೆ ಇಲ್ಲ. ಆದರೆ ಒಂದು ನಿಯಮ ಎಂದೂ ಕೈಬಿಟ್ಟಿಲ್ಲ: ಗುಂಪಿನ ಒಳಗಿನ ಜಾಗ ಗುಂಪುಗಳ ನಡುವಿನ ಜಾಗಕ್ಕಿಂತ ಕಡಿಮೆ ಇರಬೇಕು. ಫಾರ್ಮ್‌ನಲ್ಲಿ 'ಹೆಸರು' ಎಂಬ ಲೇಬಲ್‌ಗೂ ಅದರ ಖಾನೆಗೂ 8 ಪಿಕ್ಸೆಲ್ ಇದ್ದರೆ, ಆ ಖಾನೆಗೂ ಮುಂದಿನ ಲೇಬಲ್‌ಗೂ 24 ಇರಲಿ. ಎರಡೂ 16 ಇದ್ದಾಗ ಜನ ಯಾವ ಖಾನೆಯಲ್ಲಿ ಏನು ತುಂಬಬೇಕು ಎಂದು ಒಂದು ಗಳಿಗೆ ತಡವರಿಸುತ್ತಾರೆ.

ಸಂಖ್ಯೆಗಳನ್ನು ಮನಸ್ಸಿಗೆ ಬಂದಂತೆ ಹಾಕಬಾರದು. 4, 8, 16, 24, 32, 48, 64 ಎಂಬಂತೆ ಒಂದು ಏಣಿ ಇಟ್ಟುಕೊಂಡು ಅದರ ಮೆಟ್ಟಿಲುಗಳನ್ನೇ ಬಳಸುವುದು ರೂಢಿ. 17, 22, 29 ಎಂದು ಸುಮ್ನೆ ಹಾಕುತ್ತಾ ಹೋದರೆ ಪುಟ ಯಾಕೋ ಸಡಿಲ ಎನಿಸುತ್ತದೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಏಣಿಯನ್ನು ಪಿಕ್ಸೆಲ್ ಬದಲು ರೆಮ್‌ನಲ್ಲಿ, ಅಂದರೆ ಪುಟದ ಮೂಲ ಅಕ್ಷರ ಗಾತ್ರದ ಲೆಕ್ಕದಲ್ಲಿ, ಬರೆದರೆ, ಓದುಗರು ಬ್ರೌಸರ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಾಗ ಜಾಗವೂ ಅದರ ಜೊತೆ ಬೆಳೆಯುತ್ತದೆ.

'ಇಷ್ಟೊಂದು ಜಾಗ ಖಾಲಿ ಇದೆಯಲ್ಲ, ಏನಾದ್ರೂ ತುಂಬಿ' ಎಂದು ಹೇಳುವವರು ಪ್ರತಿ ಪ್ರಾಜೆಕ್ಟ್‌ನಲ್ಲೂ ಒಬ್ಬರು ಸಿಗುತ್ತಾರೆ. ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಬೆಲೆ ಹೋಲಿಸುವ ಪಟ್ಟಿ, ದಿನವಿಡೀ ಅಂಕಿ ನೋಡುವವರ ಡ್ಯಾಶ್‌ಬೋರ್ಡ್, ಇಂಥ ಕಡೆ ಧಾರಾಳ ಜಾಗ ಅಡ್ಡಿ. ಹತ್ತು ಸಾಲು ಒಟ್ಟಿಗೆ ಕಾಣಬೇಕಾದ ಕಡೆ ನಾಲ್ಕೇ ಕಂಡರೆ ಅದು ಅಂದ ಅಲ್ಲ, ತೊಂದರೆ.

ಅಕ್ಷರದ ಸುತ್ತ, ಅದರಲ್ಲೂ ಕನ್ನಡದಲ್ಲಿ

ಪೆಟ್ಟಿಗೆಗಳ ನಡುವಿನ ಜಾಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸಾಲುಗಳ ನಡುವಿನದನ್ನು ಮರೆಯುತ್ತಾರೆ. ಓದುಗರು ಹೆಚ್ಚು ಹೊತ್ತು ಕಳೆಯುವುದು ಅಲ್ಲಿ.

ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ಗಳಲ್ಲಿ, ಅಂದರೆ ಸಿದ್ಧ ವಿನ್ಯಾಸಗಳಲ್ಲಿ, ತಲೆಬರಹದ ಸಾಲೆತ್ತರ ಸಾಮಾನ್ಯವಾಗಿ ಅಕ್ಷರ ಗಾತ್ರದ 1.1 ಅಥವಾ 1.2 ಪಟ್ಟು ಇರುತ್ತದೆ. ಕನ್ನಡದಲ್ಲಿ 'ರಾಷ್ಟ್ರ', 'ಸ್ತ್ರೀ' ಎಂದು ಬರೆದು ನೋಡಿ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ತಲೆಬರಹ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಪೆಟ್ಟಿಗೆ ಹೊರಗಿನದನ್ನು ಮರೆಮಾಡುವಂತಿದ್ದರೆ ಒತ್ತಕ್ಷರದ ಬಾಲವೇ ಕತ್ತರಿಸಿ ಹೋಗುತ್ತದೆ. ನಾನು ಕನ್ನಡದ ತಲೆಬರಹಕ್ಕೆ 1.4, ಬರಹದ ಮೈಗೆ 1.7 ಇಂದ ಶುರು ಮಾಡಿ ಫಾಂಟ್ ನೋಡಿಕೊಂಡು ಹೊಂದಿಸುತ್ತೇನೆ. ಈ ಸಂಖ್ಯೆಯನ್ನು ಎಮ್ ಅಥವಾ ಪಿಕ್ಸೆಲ್ ಸೇರಿಸದೆ ಬರೀ ಸಂಖ್ಯೆಯಾಗಿ ಬರೆಯಬೇಕು. 1.7 ಎಮ್ ಎಂದು ಪುಟದ ಮೈಗೆ ಬರೆದರೆ, ಲೆಕ್ಕ ಹಾಕಿದ ಪಿಕ್ಸೆಲ್ಲೇ ಒಳಗಿನ ತಲೆಬರಹ, ಪ್ಯಾರಾಗಳಿಗೆಲ್ಲ ಇಳಿದು ಬರುತ್ತದೆ. 40 ಪಿಕ್ಸೆಲ್ ಅಕ್ಷರದ ತಲೆಬರಹಕ್ಕೆ 27 ಪಿಕ್ಸೆಲ್ ಸಾಲೆತ್ತರ ಸಿಕ್ಕಿದರೆ ಗತಿ ಏನು!

ಎರಡೂ ಬದಿ ಸಮ ಮಾಡುವ 'ಜಸ್ಟಿಫೈ' ಕನ್ನಡಕ್ಕೆ ಫೋನ್‌ನಲ್ಲಿ ಒಗ್ಗುವುದಿಲ್ಲ. ನಮ್ಮ ಪದಗಳು ಉದ್ದ. 'ಮಾಡಿಕೊಳ್ಳಬೇಕಾಗಿರುವುದರಿಂದ' ಎಂಬಂಥ ಒಂದು ಪದ ಸಾಲಿನ ಅರ್ಧ ತಿನ್ನುತ್ತದೆ. ಉಳಿದ ಎರಡು ಪದಗಳನ್ನು ಬ್ರೌಸರ್ ಎಳೆದು ಹರಡುತ್ತದೆ, ನಡುವೆ ದೊಡ್ಡ ಕಂದಕ. ಆ ಜಾಗಕ್ಕೆ ಅರ್ಥವೂ ಇಲ್ಲ, ಒಡೆಯನೂ ಇಲ್ಲ. ಎಡಕ್ಕೆ ಸಾಲಾಗಿಸಿ ಬಲ ಅಂಚು ಏರುಪೇರಾಗಿ ಬಿಟ್ಟರೆ ಓದು ಸಲೀಸು.

ಎಲ್ಲರೂ ಓದುವಂತಿರಬೇಕು ಎಂದು 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಇಲ್ಲಿ ಒಂದು ಪರೀಕ್ಷೆ ಇಡುತ್ತದೆ. ಓದುಗರು ತಮಗೆ ಬೇಕೆಂದು ಸಾಲೆತ್ತರವನ್ನು ಅಕ್ಷರ ಗಾತ್ರದ 1.5 ಪಟ್ಟಿಗೆ, ಪ್ಯಾರಾ ಅಂತರವನ್ನು 2 ಪಟ್ಟಿಗೆ, ಅಕ್ಷರಗಳ ಅಂತರವನ್ನು 0.12ಕ್ಕೆ, ಪದಗಳ ಅಂತರವನ್ನು 0.16ಕ್ಕೆ ಏರಿಸಿಕೊಂಡರೂ ಪುಟದಲ್ಲಿ ಏನೂ ಕತ್ತರಿಸಿ ಹೋಗಬಾರದು. ಎತ್ತರ ಬಿಗಿದು ಕಟ್ಟಿದ ಪೆಟ್ಟಿಗೆಗಳು ಇಲ್ಲೇ ಸೋಲುತ್ತವೆ. ಎತ್ತರವನ್ನು ಬರಹಕ್ಕೆ ಬಿಟ್ಟು, ಸುತ್ತ ಪ್ಯಾಡಿಂಗ್ ಕೊಟ್ಟ ಪೆಟ್ಟಿಗೆ ಸುಮ್ಮನೆ ಬೆಳೆದುಕೊಳ್ಳುತ್ತದೆ.

ಬಣ್ಣ ಹಚ್ಚಿ ನೋಡುವುದು

ಯಾವುದೇ ಪುಟದ ಜಾಗ ಯಾರದ್ದು ಎಂದು ತಿಳಿಯಲು ಊಹೆ ಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು, ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿ. ಆಗ ತೆರೆಯುವ ಕೋಡ್ ಪಟ್ಟಿಯ ಒಂದೊಂದು ಸಾಲಿನ ಮೇಲೆ ಮೌಸ್ ಇಟ್ಟಂತೆ ಪುಟದಲ್ಲಿ ಆ ಪೆಟ್ಟಿಗೆಗೆ ಬಣ್ಣ ಹತ್ತುತ್ತದೆ. ಮಾರ್ಜಿನ್ ಕಿತ್ತಳೆ, ಪ್ಯಾಡಿಂಗ್ ಹಸಿರು, ಒಳಗಿನ ವಿಷಯ ನೀಲಿ. ಗ್ಯಾಪ್ ಇದ್ದ ಕಡೆ ನೇರಳೆ ಗೆರೆಗಳು.

ನನ್ನ ಆ ಹಳೆಯ ಪುಟವನ್ನು ಹೀಗೆ ತೆರೆದು ನೋಡಿದ್ದೆ. ಹನ್ನೊಂದು ಸ್ಪೇಸರ್‌ಗಳೂ ನೀಲಿ ಬಣ್ಣದಲ್ಲಿ ಎದ್ದು ಕಂಡವು. ನಾನು ಬಿಡುವು ಎಂದು ಇಟ್ಟಿದ್ದನ್ನು ಬ್ರೌಸರ್ ಅಷ್ಟು ದಿನವೂ ವಿಷಯ ಎಂದೇ ಲೆಕ್ಕ ಹಾಕುತ್ತಿತ್ತು.